ಆ ಧೂಳು ಎಲ್ಲಿ ಹೋಗುತ್ತಿತ್ತು

“ಹೆಲ್ಮೆಟ್ ತೆಗಿಯಾಕ ಆಗಲಿಲ್ಲೇನಪಾ ಫ್ಲೆಕ್ಸ್ ಮಾಡಾವಗ?” ಫ್ಲೆಕ್ಸಿನ ಒಂದು ತುದಿಯನ್ನು ಬೇವಿನ ಗಿಡಕ್ಕೆ ಬಿಗಿಯುತ್ತ ಸರ್ದಾರಬೀ ಕೇಳಿದಳು.

“ಕೇಳಿದೆ ಬೀ. ತೆಗದ್ರ ಅರ್ಧ ಹಣಿನೂ ಹೋಗತೈತಿ ಅಂದ,” ಎಂದ ಇನ್ನೊಂದು ತುದಿ ಹಿಡಿದಿದ್ದ ದುರಗೇಶ. “ಆಕಿದು ಬ್ಯಾರೆ ಫೋಟೋ ಎಲ್ಲೈತಿ? ಮದವಿದೊಂದು, ಇದೊಂದು.”

ಹೀಗೆ ಅವನ ಹೆಂಡತಿ ಶಾಂತಕ್ಕ ತನ್ನ ಸಾವಿನ ದಿನವೂ ಹಳದಿ ಹೆಲ್ಮೆಟ್ಟಿನಲ್ಲೇ ನಗುತ್ತಿದ್ದಳು. ಫ್ಲೆಕ್ಸಿನ ಕೆಳಗೆ, ಗೋಡೆಗೆ ಆನಿಸಿ ಕೂಡಿಸಿದ್ದ ಅವಳ ಮೈ ಮಾತ್ರ ಸಾಲಿಗೆ ಹೋಗುವ ಹುಡುಗಿಯಷ್ಟು ಸಣ್ಣಗಾಗಿತ್ತು. ನಲವತ್ತೆರಡು ಮುಗಿದಿರಲಿಲ್ಲ. ಕಾರಟಗಿಯ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುವ ಅವಳ ಅಣ್ಣ ಯಂಕೋಬ ಬರುವತನಕ ಎತ್ತುವಂತಿರಲಿಲ್ಲ. ಬಿಸಿಲು ಏರುತ್ತಿತ್ತು.

ಮಗಳು ಮೇಘಾ ತಾಯಿಯ ಪಕ್ಕದಲ್ಲಿ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ. ಅವಳ ತೊಡೆಯ ಮೇಲೆ ಆಸ್ಪತ್ರೆಯ ಕಾಗದಗಳ ಚೀಲವಿತ್ತು. ಯಾರು ಕೇಳಿದರೂ ಕೊಡಲಿಲ್ಲ.

ಸರ್ದಾರಬೀಗೆ ಆ ಕಡೆ ನೋಡುವ ಧೈರ್ಯವಾಗಲಿಲ್ಲ.

*

ಊರ ಹೊರಗಿನ ಫೌಂಡ್ರಿಯಲ್ಲಿ ಅವಳೂ ಶಾಂತಕ್ಕನೂ ಹದಿನೆಂಟು ವರ್ಷ ಉಸುಕು ಸೋಸುವ ಒಂದೇ ಸಾಣಿಗಿಯ ಆಚೆ ಈಚೆ ನಿಂತವರು. ಕಬ್ಬಿಣ ಹೊಯ್ದು, ಆರಿದ ಮೇಲೆ ಅಚ್ಚು ಒಡೆದರೆ ಸುಟ್ಟ ಉಸುಕು ರಾಶಿ ಬೀಳುತ್ತಿತ್ತು. ಅದನ್ನು ಸೋಸಿ ಮತ್ತೆ ಅಚ್ಚು ಮಾಡುವವರಿಗೆ ಕೊಡಬೇಕು. ಸಾಣಿಗಿ ಆಡಿಸಿದಂತೆ ಎದುರಿಗಿದ್ದವಳ ಮುಖ ಮಸುಕಾಗಿ, ಆಮೇಲೆ ದನಿ ಮಾತ್ರ ಉಳಿಯುತ್ತಿತ್ತು. ಆ ದನಿಯಲ್ಲೇ ಇಬ್ಬರೂ ಒಬ್ಬರ ಸಂಸಾರ ಒಬ್ಬರಿಗೆ ಹೇಳಿಕೊಂಡಿದ್ದರು.

ಎರಡು ವರ್ಷದ ಹಿಂದೆ ಹೊಸ ಕರೆಂಟಿನ ಕುಲುಮೆ ಬಂತು. ಜೊತೆಗೆ ಉಸುಕನ್ನು ತಾನೇ ಸೋಸಿ, ಧೂಳನ್ನು ದೊಡ್ಡ ಕೊಳವೆಯೊಳಗೆ ಎಳೆದುಕೊಳ್ಳುವ ಮಷೀನು. ಅದು ಚಾಲೂ ಆದ ದಿನ ಶಾಂತಕ್ಕ ಸರ್ದಾರಬೀಯ ರಟ್ಟೆ ಹಿಡಿದು ಕುಲುಕಿದಳು.

“ನೋಡ ಬೀ, ಆಕಡಿ ಗ್ವಾಡಿ ಕಾಣತೈತಿ! ಅದರ ಮ್ಯಾಲ ಏನೋ ಬರದಾರ ನೋಡು!”

ಅದೇ ತಿಂಗಳು ಕೊಪ್ಪಳದ ಡಾಕ್ಟರರು ಅವಳ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ದರು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಶಾಂತಕ್ಕ ಜೊತೆಗೆ ಬಂದಿದ್ದ ಸರ್ದಾರಬೀಯ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡಳು.

“ಪುಪ್ಪಸದಾಗ ಕುಂತ ಧೂಳ ಇನ್ನ ಹೊರಗ ಬರಂಗಿಲ್ಲಂತ. ಕೆಲಸ ಬಿಡು ಅಂದ್ರು. ಬಿಟ್ರ ಹೆಂಗ? ಮೇಘಾ ಸಾಲ್ಯಾಗ ಹತ್ತನೆತ್ತಿ ಮುಗಸಲಿ. ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ, ಆಣಿ ಐತಿ. ನೀನೂ ಒಮ್ಮೆ ಫೋಟೋ ತಗಸು ಬೀ.”

ತೆಗೆಸುತ್ತೇನೆ ಅಂದಿದ್ದಳು ಸರ್ದಾರಬೀ. ಇವತ್ತಿಗೂ ತೆಗೆಸಿರಲಿಲ್ಲ.

*

ಹೊಗೆಯ ಬಗ್ಗೆ ಊರವರ ತಕರಾರು ಹಳೆಯದು. ಜನರನ್ನೇ ಒಳಗೆ ಕರೆದು ಹೊಸ ಮಷೀನು ತೋರಿಸೋಣ ಎಂದರು ಮ್ಯಾನೇಜರು. ತಿಂಗಳಿಗೊಂದು ದಿನ ಗೇಟು ತೆರೆಯಿತು. ಬಂದವರ ಮುಂದೆ ಮಾತಾಡಲು ಅವರು ಆರಿಸಿದ್ದು ಶಾಂತಕ್ಕನನ್ನು. ಆಕೆ ಹೇಳಿದರೆ ಯಾರಾದರೂ ನಂಬುತ್ತಿದ್ದರು.

ಮೇಘಾಳ ಸಾಲಿಯವರು ಬಂದ ದಿನ ಅವಳು ಇಳಕಲ್ ಸೀರೆ ಉಟ್ಟು, ಕೆಮ್ಮಿನ ಎರಡು ಗುಳಿಗೆ ನುಂಗಿ ಬಂದಿದ್ದಳು.

“ಈಗ ಧೂಳೆಲ್ಲಾ ಈ ಕೊಳವಿಯಾಗ ಹೋಗಿ, ಆ ಚೀಲದಾಗ ಬೀಳತೈತಿ. ಒಂದ ಕಣ ಹೊರಗ ಬರಂಗಿಲ್ಲ ನೋಡ್ರಿ.”

ಏನಾದರೂ ಕೇಳಿ ಎಂದರು ಟೀಚರು. ಎಲ್ಲರೂ ಮೇಘಾಳನ್ನು ಮುಂದೆ ತಳ್ಳಿದರು. ಅವಳು ನಗು ತಡೆದುಕೊಂಡು ಕೈ ಎತ್ತಿದಳು.

“ಮೇಡಂ, ಈ ಮಷೀನ್ ಬರೂಕಿಂತ ಮೊದಲ ಆ ಧೂಳ ಎಲ್ಲಿ ಹೋಗತಿತ್ರಿ?”

ಸ್ವಂತ ತಾಯಿಯನ್ನೇ ಮೇಡಂ ಅಂದದ್ದಕ್ಕೆ ಹುಡುಗಿಯರು ಗೊಳ್ಳೆಂದು ನಕ್ಕರು. ಶಾಂತಕ್ಕ ಒಂದು ಗಳಿಗೆ ಮಗಳನ್ನೇ ನೋಡಿದಳು. ಪಕ್ಕದಲ್ಲಿದ್ದ ಸರ್ದಾರಬೀ ನೆಲ ನೋಡಿದಳು.

“ಗಾಳ್ಯಾಗ ಹೋಗತಿತ್ತವ್ವಾ,” ಎಂದು ಶಾಂತಕ್ಕ ನಕ್ಕಳು. ಆ ಹೆಲ್ಮೆಟ್ಟಿನ ಫೋಟೋ ತೆಗೆದದ್ದು ಆಗಲೇ.

*

ಹನ್ನೊಂದಕ್ಕೆ ಮ್ಯಾನೇಜರು ಹಾರ ಹಿಡಿದು ಬಂದರು. ಹಾಕುವಾಗ ಅತ್ತರು. ಕಣ್ಣೀರು ನಿಜವಾದದ್ದೇ ಆಗಿತ್ತು. ಹೊರಡುವಾಗ ಸರ್ದಾರಬೀಯನ್ನು ಬದಿಗೆ ಕರೆದರು.

“ಈಗ ಹೇಳಬಾರದು. ಆದ್ರ ಬರೋ ವಾರ ಕುಷ್ಟಗಿ ಕಡೆ ಸಾಲಿಯವರು ಬರಾಕತ್ಯಾರ. ಆಕಿ ಜಾಗಾದಾಗ ನೀವ ಮಾತಾಡಬೇಕಾಗತೈತಿ.”

ಅವಳು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮೇಘಾಳ ದನಿ ಕೇಳಿತು.

“ಚಿಗವ್ವ.”

ಹುಡುಗಿಯ ಕೈಯಲ್ಲಿ ಕಾಗದಗಳಿದ್ದವು.

“ಇದರ ಮ್ಯಾಲ ತಾರೀಖ ಐತಿ. ನಾವು ಫೌಂಡ್ರಿ ನೋಡಾಕ ಬಂದಿದ್ದು ಇದಾದಮ್ಯಾಲ. ಅವ್ವಗ ಅವತ್ತ ಗೊತ್ತಿತ್ತು. ನಾ ಎಲ್ಲಾರ ಮುಂದ ಕೇಳಿದೆ, ಆಕಿ ನಕ್ಕಳು.” ಅವಳು ಕಾಗದಗಳನ್ನು ಮುಂದೆ ಚಾಚಿದಳು. “ನಿನಗೂ ಗೊತ್ತಿತ್ತಾ?”

ಇಲ್ಲ ಅನ್ನಬಹುದಿತ್ತು. ತಲೆ ಮುಟ್ಟಿಸಿ ಆಣೆ ಹಾಕಿಸಿದವಳು ಗೋಡೆಗೆ ಒರಗಿ ಕೂತಿದ್ದಳು.

“ಗೊತ್ತಿತ್ತವ್ವಾ,” ಎಂದಳು ಸರ್ದಾರಬೀ. “ನಾನೂ ಆಕಿ ಬಾಜೂಕ ನಿಂತಿದ್ದೆ. ಸುಮ್ನ ನಿಂತಿದ್ದೆ.”

ಮೇಘಾ ಅವಳನ್ನು ಹೊಡೆಯುವಂತೆ ಕೈ ಎತ್ತಿದಳು. ಎತ್ತಿದ ಕೈಯಲ್ಲೇ ಅವಳ ಸೆರಗು ಹಿಡಿದು, ಅದರಲ್ಲಿ ಮುಖವಿಟ್ಟು, ಬೆಳಗಿನಿಂದ ತಡೆದದ್ದನ್ನೆಲ್ಲ ಅತ್ತಳು. ಹುಡುಗಿಯ ಬೆನ್ನು ಸವರುತ್ತಲೇ ಸರ್ದಾರಬೀ ಮ್ಯಾನೇಜರ ಕಡೆ ತಿರುಗಿದಳು.

“ಬರ್ತೀನ್ರಿ ಸಾಹೇಬ್ರ, ಮಾತಾಡ್ತೀನಿ. ಯಾರರ ಹುಡುಗ್ರು ಇದ ಮಾತು ಕೇಳಿದ್ರ, ನಾ ಮಾತ್ರ ನಗಂಗಿಲ್ಲ.”

ಅವರು ತಲೆ ತಗ್ಗಿಸಿ ಜೀಪಿನ ಕಡೆ ನಡೆದರು.

*

ಯಂಕೋಬ ಬಂದಾಗ ಎರಡು ದಾಟಿತ್ತು. ತಂಗಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು, “ಏನೂ ವಜ್ಜಾನ ಇಲ್ಲಲ್ಲೋ ದುರಗೇಶ,” ಎಂದು ಹಾಗೇ ನಿಂತುಬಿಟ್ಟ. ಅಕ್ಕಿಯ ಮೂಟೆ ಹೊತ್ತ ತೋಳುಗಳು ಅವಳನ್ನು ಎದೆಗೆ ಒತ್ತಿಕೊಂಡವು.

ಮಸಣದ್ದು ಮಳೆ ಕಾಣದ ನೆಲ. ಅಗೆದ ಮಣ್ಣು ಹಿಟ್ಟಿನಂತಿತ್ತು. ಯಂಕೋಬ ಕುಣಿಗೆ ಇಳಿದು ಅವಳನ್ನು ಮಲಗಿಸಿದ. ದುರಗೇಶ ಮೊದಲ ಹಿಡಿ ಮಣ್ಣು ಎತ್ತಿದ. ಬೀಸಿದ ಗಾಳಿಗೆ ಅದು ಅವನ ಬೆರಳ ಸಂದಿಯಿಂದಲೇ ಹೊಗೆಯಂತೆ ಎದ್ದಿತು.

“ತಡಿ ಅಪ್ಪಾ!”

ಎಲ್ಲರೂ ತಿರುಗಿದರು. ಮೇಘಾ ಕುಣಿಯ ಅಂಚಿಗೆ ಮೊಣಕಾಲೂರಿ, ಕೊರಳಲ್ಲಿದ್ದ ವೇಲ್ ತೆಗೆದು ಕೆಳಗೆ ಚಾಚಿದಳು.

“ಮೂಗಿಗೆ ಹಾಕು ಮಾಮಾ. ಒಂದ ಮಡಿಕಿ ಸಾಲಂಗಿಲ್ಲ, ಎರಡ ಮಾಡು.”

ಯಂಕೋಬ ಅದನ್ನು ಎರಡು ಮಡಿಕೆ ಮಾಡಿದ. ತಂಗಿಯ ಮೂಗು ಬಾಯಿಗೆ ಮುಚ್ಚಿ, ಅಂಚುಗಳನ್ನು ಕಿವಿಯ ಹಿಂದೆ ಒಂದೊಂದಾಗಿ ಸಿಕ್ಕಿಸಿದ. ಸಲಿಕೆ ಹಿಡಿದಿದ್ದವರು ಸಲಿಕೆ ಕೆಳಗಿಟ್ಟರು. ಸರ್ದಾರಬೀ ಎಲ್ಲರಿಗಿಂತ ಮೊದಲು ಕೂತು, ಬೊಗಸೆ ತುಂಬ ಮಣ್ಣು ತೆಗೆದುಕೊಂಡು, ತೋಳು ಚಾಚುವಷ್ಟು ಚಾಚಿ, ಕಾಲ ಕಡೆಯಿಂದ, ಸದ್ದಿಲ್ಲದೆ ಇಳಿಬಿಟ್ಟಳು.