ತಡವಾಗಿ ಬೀಳುವ ನಾಲ್ಕನೇ ಪೆಟ್ಟು

ಹೊಟ್ಟೆಯ ಮೇಲೆ ಕೈಯಿಟ್ಟು ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನಗೆ ಈ ಜನ್ಮದಲ್ಲಿ ಬಿಸಿ ರೊಟ್ಟಿ ಸಿಗದೆ ಹೋಗಲಿ. ಹೋದ ಆಯುಧಪೂಜೆಯ ದಿನ ಭದ್ರಾವತಿಯ ಜನ್ನಾಪುರದಲ್ಲಿ ಜ್ಞಾನೇಶ ಕೂಗಿದ ಕೂಗಿಗೆ ಗೋಡೆಯ ಸುಣ್ಣ ಉದುರಿತು.

"ಅಜ್ಜಿ! ಏನ್ ಮಾಡ್ದೆ ಇದಕ್ಕೆ?"

"ಪೂಜೆ ಮಾಡ್ದೆ. ನಿನ್ನ ಅನ್ನ ಹುಟ್ಟಿಸೋ ಯಂತ್ರ ಅಲ್ವೇನೋ? ಚಕ್ರ ಹುಡುಕ್ದೆ, ಸಿಗ್ಲಿಲ್ಲ. ನಿಂಬೆಹಣ್ಣು ಮೇಲೇ ಇಟ್ಟೆ."

ಜ್ಞಾನೇಶ ಹಾಡುಗಳಿಗೆ ಬೀಟ್ ಕಟ್ಟುವವನು. ಅವನ ಆಸ್ತಿಯೆಂದರೆ ಒಂದು ಹಳೇ ಸ್ಯಾಂಪ್ಲರ್. ಯಾವ ಸದ್ದನ್ನಾದರೂ ಹಿಡಿದುಕೊಂಡು, ಗುಂಡಿ ಒತ್ತಿದಾಗ ನುಡಿಸುವ ಪೆಟ್ಟಿಗೆ. ತೂಕ ಅರ್ಧ ಮೂಟೆ ಅಕ್ಕಿ. ಸದ್ದುಗಳೆಲ್ಲ ಫ್ಲಾಪಿಯಲ್ಲಿರುತ್ತವೆ, ಪ್ರತಿ ಸಲವೂ ಅದನ್ನು ಬಾಯಿಗೆ ತುರುಕಿ ಉಣಿಸಬೇಕು. ಆ ಫ್ಲಾಪಿಯಲ್ಲಿ ಅಜ್ಜಿ ಕರಿಬಸಮ್ಮ ರೊಟ್ಟಿ ತಟ್ಟಿದ ಸದ್ದಿತ್ತು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಅಜ್ಜಿಯ ಬಲಗೈ ಮುರಿದಿತ್ತು. ಆಮೇಲೆ ರೊಟ್ಟಿಯಿಲ್ಲ, ಸದ್ದು ಮಾತ್ರ ಉಳಿದಿತ್ತು. ಅದನ್ನು ಜೋರಾಗಿ ಹಾಕಿದರೆ ಸಕ್ರೆಬೈಲಿನ ಆನೆಗಳು ಊಟದ ಹೊತ್ತಾಯಿತೆಂದು ಎದ್ದು ನಿಲ್ಲುತ್ತಿದ್ದವು.

ಈಗ ಪೆಟ್ಟಿಗೆಯ ಬಾಯೊಳಗೆ ನೀರಲ್ಲಿ ಕಲಸಿದ ವಿಭೂತಿ ಇಳಿದು, ಫ್ಲಾಪಿಯ ಜೊತೆಗೇ ಗಟ್ಟಿಯಾಗಿ ಕೂತಿತ್ತು. ಶಿವಮೊಗ್ಗದಲ್ಲಿ ಬೀಟ್ ಸ್ಪರ್ಧೆ ಮಾರನೇ ದಿನವೇ.

ಜ್ಞಾನೇಶ ಪೆಟ್ಟಿಗೆಯನ್ನು ದುಪ್ಪಟಿಯಲ್ಲಿ ಕಟ್ಟಿಕೊಂಡು, ಹಲ್ಲು ಕಡಿಯುತ್ತಾ ಶಿವಮೊಗ್ಗದ ಬಸ್ಸು ಹತ್ತಿದ. "ತಪ್ಪು ನಂದು, ನಾನೂ ಬರ್ತೀನಿ," ಎಂದು ಅಜ್ಜಿಯೂ ಹತ್ತಿದಳು.

ಅಲ್ಲಿನ ದುರ್ಗಿಗುಡಿಯಲ್ಲಿ ಗೆಳೆಯ ರೂಪೇಶನ ಸ್ಟುಡಿಯೋ, ರಿಪೇರಿಗೆಂದು ನೇರ ಅಲ್ಲಿಗೇ ಹೋದರು. ಅವನು ಗಂಟು ಬಿಚ್ಚಲೂ ಬಿಡಲಿಲ್ಲ. "ಗುಜರಿಗೆ ಹಾಕು ಮಾರಾಯ. ಇದನ್ನ ತಗೋ," ಎಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ, ಹಪ್ಪಳದಷ್ಟು ಹಗುರದ ಗುಂಡಿಮಣೆ ತಳ್ಳಿದ. "ಅಜ್ಜಿ ರೊಟ್ಟಿನ ಹೋದ ತಿಂಗಳೇ ಇದಕ್ಕೆ ಇಳಿಸಿಟ್ಟಿದ್ದೀನಿ."

ಜ್ಞಾನೇಶನ ಸಿಟ್ಟು ಅರ್ಧ ಇಳಿಯಿತು. ಗುಂಡಿ ಒತ್ತಿದ. ಟಪ್, ಟಪ್, ಟಪ್, ಟಪ್. ಇಳಿದಿದ್ದ ಸಿಟ್ಟು ದುಪ್ಪಟ್ಟಾಗಿ ನೆತ್ತಿಗೇರಿತು. ಅಜ್ಜಿ ಮೂರು ಸಲ ತಟ್ಟಿ, ರೊಟ್ಟಿ ತಿರುಗಿಸಿ, ಆಮೇಲೆ ನಾಲ್ಕನೆಯದನ್ನು ತಟ್ಟುವವಳು. ಆ ಪೆಟ್ಟು ಕೂದಲೆಳೆಯಷ್ಟು ತಡ. ಇಲ್ಲಿ ಅದು ಪೊಲೀಸ್ ಪರೇಡಿನ ಹಾಗೆ ಸಾಲಿನಲ್ಲಿ ನಿಂತಿತ್ತು.

"ನಾಲ್ಕನೇದಕ್ಕೆ ಏನೋ ಮಾಡ್ದೆ?"

"ತಡ ಬೀಳ್ತಿತ್ತು, ಸರಿ ಮಾಡ್ದೆ. ಬಳೆ ಸದ್ದೂ ತೆಗ್ದೆ."

"ಇದಕ್ಕೆ ಇಳಿಸಿದ್ಯಲ್ಲ, ಆ ಮೊದ್ಲಿಂದು?"

"ಅಳಿಸ್ದೆ. ಸುಮ್ನೆ ಜಾಗ ತಿನ್ನುತ್ತೆ."

"ನಮ್ಮಜ್ಜಿ ಕೈ ಸರಿ ಮಾಡೋಕೆ ನೀನ್ಯಾವ ಡಾಕ್ಟ್ರೋ? ನಿಮ್ಮಪ್ಪ ಕುಂಟ್ತಾ ನಡೀತಾರಲ್ಲ, ಅವ್ರನ್ನೂ ಗೆರೆ ಮೇಲೆ ನಡೆಸ್ತೀಯಾ?"

"ಕೇಳೋರಿಗೆ ಏನೋ ಗೊತ್ತಾಗುತ್ತೆ, ಹಳೇ ಡಬ್ಬಾ!"

"ಡಬ್ಬಾ ನಿಮ್ಮಪ್ಪಂದು!"

ಈ ಜಗಳಕ್ಕೆ ತ್ಯಾವರೆಕೊಪ್ಪದ ಹುಲಿಗಳು ಬೋನಿನ ಮೂಲೆ ಹಿಡಿದವಂತೆ. ಅಜ್ಜಿ ಮಾತ್ರ ಲ್ಯಾಪ್‌ಟಾಪನ್ನೇ ದುರುಗುಟ್ಟಿ ನೋಡುತ್ತಿದ್ದಳು. "ಯಾರೋ ಅವಳು? ತಿರುಗಿಸ್ದೇ ತಟ್ತಾಳೆ! ರೊಟ್ಟಿ ಹಲಗೆಗೆ ಅಂಟ್ಕೊಳ್ಳುತ್ತೆ, ಗೊಡ್ಡು!"

ಹಾಗೆಂದವಳೇ ರೇಗಿ, ದುಪ್ಪಟಿ ಕಿತ್ತೆಸೆದು, ಎಡಗೈಯಿಂದ ಹಳೇ ಪೆಟ್ಟಿಗೆಯ ಬೆನ್ನಿಗೆ ಬಾರಿಸಿದಳು. ಮೂರು ಪೆಟ್ಟು. ಅಭ್ಯಾಸ ನೋಡಿ, ಪೆಟ್ಟಿಗೆಯನ್ನು ಒಂದು ಸುತ್ತು ತಿರುಗಿಸಿ ನಾಲ್ಕನೆಯದನ್ನು ಹಾಕಿದಳು. ವಿಭೂತಿಯ ಉಂಡೆ ಪಟ್ಟನೆ ಹಾರಿ ರೂಪೇಶನ ಹಣೆಗೆ ಬಡಿಯಿತು. ಜ್ಞಾನೇಶ ಸ್ವಿಚ್ ಹಾಕಿದ. ಫ್ಲಾಪಿ ಕರಕರ ಎಂದಿತು. ಬಳೆಯ ಸಮೇತ, ತಡದ ಸಮೇತ ಅಜ್ಜಿಯ ಬಲಗೈ ಬಂತು. ದುರ್ಗಿಗುಡಿಯ ಜನವೆಲ್ಲ ಅಂಗಡಿ ಬಿಟ್ಟು ಕೈ ತೊಳೆದು ಸಾಲಾಗಿ ಕೂತರು.

"ಅದನ್ನೇ ಹೊತ್ಕೊಂಡು ಹೋದ್ರೆ ಸೋಲ್ತೀಯ," ಎಂದ ರೂಪೇಶ, ಹಣೆ ಒರೆಸುತ್ತಾ.

"ಸೋಲ್ತೀನಿ. ಅಜ್ಜಿನ ಅಳಿಸೋದಿಲ್ಲ."

ಸೋತ. ಅವನ ಸರದಿಯಲ್ಲಿ ತೀರ್ಪುಗಾರರು ಹಸಿವು ತಾಳಲಾರದೆ ಅರ್ಧಕ್ಕೇ ಎದ್ದು ಊಟಕ್ಕೆ ಹೋಗಿದ್ದರು. ಆ ಸಿಟ್ಟು ಅವನಿಗೆ ಇನ್ನೂ ಇಳಿದಿಲ್ಲ, ರೂಪೇಶನ ಜೊತೆ ಮಾತೂ ಇಲ್ಲ.

ಅದಿರಲಿ, ನಾನು ಇಲ್ಲಿ ಬಂದು ಕೂತಾಗಿನಿಂದ ನಿಮ್ಮ ಅಡುಗೆಮನೆಯಲ್ಲೂ ಟಪಟಪ ಕೇಳುತ್ತಿದೆ. ನಾಲ್ಕನೇ ಪೆಟ್ಟು ಸರಿಯಾಗಿ ತಡವಾಗುತ್ತಿದೆಯೋ ಇಲ್ಲವೋ, ತಿಂದೇ ಹೇಳಬೇಕು. ಎರಡು ಸಾಕು. ಬೆಣ್ಣೆ ಮರೆಯಬೇಡಿ.