ಹಳದಿ ಬಟ್ಟೆಯ ಗಂಟು

ಎರೆಹುಳ ಸಿಕ್ಕಿಸಿ ಮೀನು ಹಿಡಿಯುವವರೆಂದರೆ ನನಗೆ ಅಷ್ಟಕ್ಕಷ್ಟೆ. ನನ್ನದು ಹುಸಿನೊಣದ ಗಾಳ. ಕೋಳಿಯ ಪುಕ್ಕ, ಒಂದು ಚಿಟಿಕೆ ಕೂದಲು ಸೇರಿಸಿ ಸಣ್ಣ ಗಾಳಕ್ಕೆ ದಾರದಿಂದ ಬಿಗಿದು, ನೊಣ ಕೂತಂತೆ ನೀರಿನ ಮೇಲೆ ಇಳಿಸುವುದು. ಡ್ಯಾಮಿನ ಕೆಳಗೆ, ಬಂಡೆಗಳ ನಡುವೆ ನೀರು ನಿಲ್ಲುವ ಕಡೆ, ಗೆಂಡೆ ಮೀನುಗಳು ಇದಕ್ಕೆ ಮೋಸ ಹೋಗುತ್ತವೆ. ಕೂದಲಿಗಂತೂ ನಮ್ಮ ಮನೆಯಲ್ಲಿ ಬರವಿಲ್ಲ. ಭಾಗ್ಯನಗರದ ವಿಗ್ ಕಾರ್ಖಾನೆಯಿಂದ ನನ್ನ ಹೆಂಡತಿ ನೇತ್ರಾವತಿ ಸಿಕ್ಕುಗಟ್ಟಿದ ಕೂದಲು ತಂದು ಕೂಲಿಗೆ ಮನೆಯಲ್ಲೇ ಬಿಡಿಸುತ್ತಾಳೆ. ಅನ್ನದಲ್ಲೂ ಕೂದಲು, ಹಾಸಿಗೆಯಲ್ಲೂ ಕೂದಲು. ಬೇಡವಾದ ಚೂರುಪಾರು ನನ್ನ ಪಾಲಿಗೆ.

ಆ ಭಾನುವಾರ ನನ್ನ ಚೂರು ಮುಗಿದಿತ್ತು. ಜೋಳದ ಡಬ್ಬಿಯ ಹಿಂದೆ ಕೈಯಾಡಿಸಿದಾಗ ಹಳದಿ ಬಟ್ಟೆಯ ಪುಟ್ಟ ಗಂಟು ಸಿಕ್ಕಿತು. ಬಿಚ್ಚಿದರೆ ಒಳಗೆ ಕೂದಲು. ಅಷ್ಟು ನಯವಾದದ್ದನ್ನು ನಾನು ಮುಟ್ಟಿಯೇ ಇರಲಿಲ್ಲ. ಭಾರಿ ಮಾಲನ್ನೇ ಎತ್ತಿಟ್ಟಿದ್ದಾಳೆ ಎಂದು ಒಳಗೊಳಗೇ ನಕ್ಕೆ. ಒಂದು ಚಿಟಿಕೆ ತೆಗೆದು ನೊಣ ಕಟ್ಟಿದೆ. ಗಂಟನ್ನು ಕಿಸೆಗೆ ಹಾಕಿಕೊಂಡು ಹಿಟ್ನಾಳ ದಾಟಿ ಹೊಳೆಗೆ ಹೋದೆ. ಮೂರನೆಯ ಬೀಸಿಗೇ ದೊಡ್ಡದೊಂದು ಗೆಂಡೆ ನುಂಗಿತು. ಬಂಡೆಯ ಸಂದಿಗೆ ಎಳೆದು, ದಾರ ಹರಿದುಕೊಂಡು ನೊಣದ ಸಮೇತ ಹೋಯಿತು. ಅದನ್ನು ಬೈಯುತ್ತಲೇ ಮನೆಗೆ ಬಂದೆ.

ಬಂದರೆ ಡಬ್ಬಿಗಳೆಲ್ಲ ಅಂಗಳದಲ್ಲಿದ್ದವು. ಬಿಡಿಸಿದ ಕೂದಲನ್ನು ಕಾರ್ಖಾನೆಗೆ ಒಯ್ಯಲು ಬಂದಿದ್ದ ಶರಣಬಸಮ್ಮನ ಚೀಲವನ್ನು ಸುರುವಿ ನೇತ್ರಾವತಿ ಹುಡುಕುತ್ತಿದ್ದಳು. ಮಾಲಿನ ಜೊತೆ ತನ್ನ ಗಂಟನ್ನೂ ಆಕೆ ತುಂಬಿಕೊಂಡಳು ಎಂದು ದೂರು. ಶರಣಬಸಮ್ಮ ಹುಲಿಗೆಮ್ಮನ ಆಣೆ ಹಾಕಿ ಅಳುತ್ತಿದ್ದಳು.

"ಯಾವ ಗಂಟು?" ಎಂದೆ.

"ಗೀತಾಂದು," ಎಂದಳು ನೇತ್ರಾವತಿ.

ಗೀತಾ ನಮ್ಮ ಮಗಳು. ಆರು ವರ್ಷದ ಕೂಸು, ಹೋದ ಮಳೆಗಾಲದಲ್ಲಿ ಮೆದುಳು ಜ್ವರದಿಂದ ತೀರಿಕೊಂಡಳು. ಆಸ್ಪತ್ರೆಯಲ್ಲಿ ತೆಗೆದ ಅವಳ ಕೂದಲನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡ, ಹೊಳೆಗೆ ಬಿಟ್ಟು ಬಾ ಎಂದು ಹೆಂಡತಿಯನ್ನು ಗದರಿಸಿ ಕಳಿಸಿದವನು ನಾನೇ. ಬಿಟ್ಟು ಬಂದೆ ಎಂದಿದ್ದಳು. ನನ್ನ ಬಾಯಿಗೆ ಹೆದರಿ ಸುಳ್ಳು ಹೇಳಿದ್ದಳು.

ನಾನು ಸುಮ್ಮನಿದ್ದರೆ ತಪ್ಪು ಶರಣಬಸಮ್ಮನ ತಲೆಗೆ ಹೋಗುತ್ತಿತ್ತು. ಹೋದರೆ ಹೋಗಲಿ ಎಂದು ಒಂದು ಗಳಿಗೆ ಅನ್ನಿಸಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆಮೇಲೆ ಕಿಸೆಯಿಂದ ಗಂಟು ತೆಗೆದುಕೊಟ್ಟು, ಮಾಡಿದ್ದನ್ನೆಲ್ಲ ಹೇಳಿದೆ. ನೇತ್ರಾವತಿ ಬೈಯಲಿಲ್ಲ. ಶರಣಬಸಮ್ಮನ ಎರಡೂ ಕೈ ಹಿಡಿದು ತಪ್ಪಾಯಿತು ಎಂದಳು, ಚೆಲ್ಲಿದ ಕೂದಲನ್ನು ಮತ್ತೆ ಚೀಲಕ್ಕೆ ತುಂಬಿಕೊಟ್ಟಳು. ನಂತರ ಚಪ್ಪಲಿ ಮೆಟ್ಟಿ, ಆ ಜಾಗ ತೋರಿಸಿರಿ ಎಂದು ನನ್ನ ಗಾಡಿಯ ಪಕ್ಕ ಬಂದು ನಿಂತಳು.

ಡ್ಯಾಮಿನ ಕೆಳಗೆ ಅವಳು ಬಂದದ್ದು ಅದೇ ಮೊದಲು. ಅದೇ ಬಂಡೆಯ ಮೇಲೆ ಕೂರಿಸಿ, ಗೆಂಡೆ ಹೋದ ಸಂದಿಯನ್ನು ತೋರಿಸಿದೆ. ಅವಳು ಕಣ್ಣು ಕೀಳದೆ ನೀರನ್ನೇ ನೋಡಿದಳು. ಏನಾದರೂ ಸಮಾಧಾನ ಹೇಳಬೇಕಲ್ಲ. ಹೊಳೆಗೆ ಸೇರಬೇಕಾದ್ದು ಹೊಳೆಗೇ ಸೇರಿತು ಅಂದುಕೋ ಎಂದೆ.

"ಹೊಳಿಗಿ ಹೋದ್ರ ಹೋಗ್ಲಿ ಬಿಡ್ರಿ," ಎಂದಳು ನೇತ್ರಾವತಿ. "ನನ್ನ ಕೂಸಿನ ಕೂದ್ಲಿಗಿ ಗಾಳ ಯಾಕ ಕಟ್ಟಿದ್ರಿ?"