ಪಾಲಿನ ಮಾತ್ರೆ

ಇಯೆಲೆಮಿಯಾನ ದಪ್ಪ ತೋಳಿಗೆ ಸುತ್ತಿದ್ದ ಪಟ್ಟಿಯನ್ನು ಮತಲೇನಾ ಬಿಚ್ಚಿದಳು. ರಕ್ತದೊತ್ತಡ ಮತ್ತೆ ಅಷ್ಟೇ. ಮಳೆಗಾಲ ಮುಗಿಯುತ್ತ ಬಂದರೂ ಒಂದಿಷ್ಟೂ ಇಳಿದಿರಲಿಲ್ಲ.

"ದೊಡ್ಡಪ್ಪ, ನಿಜ ಹೇಳಿ. ಮಾತ್ರೆ ತಗೋತಿದೀರೋ, ಹಂದಿಗೆ ಹಾಕ್ತಿದೀರೋ?"

"ದಿನಾ ತಗೋತೀನಿ ಮಗಳೇ. ಸಂಜೆ ಪ್ರಾರ್ಥನೆ ಆದ ಕೂಡ್ಲೇ."

"ನಮ್ಮ ಹಂದಿಗಳು ಗಟ್ಟಿಮುಟ್ಟಾಗೇ ಇವೆ, ನರ್ಸಮ್ಮ. ಅವಕ್ಕೆ ಬೇಡ," ಎಂದು ಜೊತೆಗೆ ಬಂದಿದ್ದ ಅವನ ತಂಗಿ ಫುಆಟಿನೋ ನಕ್ಕಳು.

ಮತಲೇನಾಗೆ ನಗು ಬರಲಿಲ್ಲ. ಸಮೋವಾದ ಈ ಕರಾವಳಿಯ ಊರುಗಳಿಗೆಲ್ಲ ಇದ್ದದ್ದು ಅವಳದೊಂದೇ ಕ್ಲಿನಿಕ್ಕು. ಇಯೆಲೆಮಿಯಾ ದೊಡ್ಡ ಮನೆತನದ ಯಜಮಾನ. ಅವನಪ್ಪ ಎದೆ ಹಿಡಿದುಕೊಂಡು ದೋಣಿಯಲ್ಲೇ ಸತ್ತವನು. ಮಗನಿಗೆ ಆ ಗತಿ ಬರಬಾರದೆಂದು ಅವಳು ಹಟ ಹಿಡಿದಿದ್ದಳು.

ಮರುದಿನ ಸಂಜೆ ಪ್ರಾರ್ಥನೆಯ ಶಂಖ ಊದುವ ಹೊತ್ತಿಗೆ ಅವನ ಮನೆಗೇ ಹೋದಳು. ಗೋಡೆಯಿಲ್ಲದ ಮನೆ, ಚಾಪೆಯ ಮೇಲೆ ಸುತ್ತಲೂ ಕೂತ ಸಂಸಾರ. ಪ್ರಾರ್ಥನೆ ಮುಗಿಯಿತು. ತೆಂಗಿನಹಾಲಲ್ಲಿ ಬೆಂದ ಕೆಸುವಿನಗೆಡ್ಡೆ, ಕೊಬ್ಬು ತೊಟ್ಟಿಕ್ಕುವ ಕುರಿಮಾಂಸ ಬಂತು. ಆಮೇಲೆ ಫುಆಟಿನೋ ಗೆಡ್ಡೆ ಕೊಯ್ದ ಚಾಕುವಿನಲ್ಲೇ ಅಣ್ಣನ ಮಾತ್ರೆಯನ್ನು ತುಂಡು ಮಾಡಿದಳು. ಮೊದಲ ಚೂರು ಯಜಮಾನನಿಗೆ, ಮಿಕ್ಕವು ತಮ್ಮಂದಿರಿಗೆ, ಕೊನೆಯದು ತನಗೆ.

"ಏನಿದು?"

"ಪಾಲು," ಅಂದಳು ಫುಆಟಿನೋ. "ಒಳ್ಳೇದು ಅಂತ ನೀನೇ ಹೇಳಿದ್ದಲ್ವಾ? ಒಳ್ಳೇದನ್ನ ಒಬ್ರೇ ತಿಂತಾರಾ?"

ಮತಲೇನಾ ರೇಗಿದಳು. ಚೂರು ತಿಂದರೆ ಯಾರ ಎದೆಯೂ ಉಳಿಯುವುದಿಲ್ಲ, ಅದು ದೊಡ್ಡಪ್ಪ ಒಬ್ಬರದೇ ಎಂದು ಗದರಿದಳು. ಗದರುತ್ತಲೇ ಎಲ್ಲರ ತೋಳಿಗೂ ಪಟ್ಟಿ ಸುತ್ತಿದಳು. ತಮ್ಮಂದಿರಿಬ್ಬರಿಗೂ ಒತ್ತಡವಿತ್ತು. ಫುಆಟಿನೋಳದು ಅಣ್ಣನಿಗಿಂತ ಮೇಲಿತ್ತು.

ಬೆಳಿಗ್ಗೆ ಮೇಲಿನ ಕಚೇರಿಗೆ ಫೋನ್ ಮಾಡಿದಳು.

"ಡಾಕ್ಟರು ನೋಡದೆ ಹೊಸಬರಿಗೆ ಮಾತ್ರೆ ಶುರು ಮಾಡೋ ಹಾಗಿಲ್ಲ," ಅಂದರು ಸಾಹೇಬರು.

"ಡಾಕ್ಟರು ಯಾವಾಗ ಬರ್ತಾರೆ?"

"ಗಾಡಿ ರಿಪೇರಿಗೆ ಹೋಗಿದೆ. ಅಲ್ಲೀವರೆಗೆ ನೀನು ತಿಳುವಳಿಕೆ ಕೊಡು. ಕುರಿಕೊಬ್ಬು ಬಿಡಿ, ಮೀನು ತಿನ್ನಿ ಅನ್ನು. ಪೋಸ್ಟರ್ ಕಳಿಸ್ತೀವಿ."

ಮೀನಂತೆ. ಈ ಊರಿನ ಗಂಡಸರು ಹಿಡಿದ ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕೂತು ಪ್ರವಾಸಿಗರ ಹೋಟೆಲಿಗೆ ಹೋಗುತ್ತದೆ. ಶ್ರೀಮಂತ ದೇಶಗಳ ತಟ್ಟೆಗೆ ಬೇಡವಾದ ಕುರಿಕೊಬ್ಬು ಹಡಗು ಹತ್ತಿ ಇಲ್ಲಿನ ಅಂಗಡಿಗೆ ಬರುತ್ತದೆ. ತಿಂದವರದು ತಪ್ಪು. ಕಳಿಸಿದವರಿಗೆ ತಿಳುವಳಿಕೆ ಕೊಡಲು ಯಾವ ನರ್ಸನ್ನೂ ಯಾರೂ ನೇಮಿಸಿಲ್ಲ.

ಡಾಕ್ಟರು ಬರಲಿಲ್ಲ. ಪೋಸ್ಟರ್ ಬಂತು.

ಇಯೆಲೆಮಿಯಾ ಮಾತು ಕೇಳಿದ. ಮನೆಯವರಿಗೆ ಬೆನ್ನು ಮಾಡಿ ಕೂತು, ಕದ್ದು ತಿನ್ನುವವನಂತೆ ಇಡೀ ಮಾತ್ರೆ ನುಂಗತೊಡಗಿದ. ಒತ್ತಡ ಇಳಿಯಿತು. ಸಾಹೇಬರು ಫೋನಿನಲ್ಲಿ ಬೆನ್ನು ತಟ್ಟಿದರು. "ನೋಡು, ತಿಳುವಳಿಕೆ ಕೊಟ್ರೆ ಆಗುತ್ತೆ."

ಆ ಭಾನುವಾರ, ಕಾದ ಕಲ್ಲುಗಳ ಒಲೆಗೆ ಬಾಳೆಲೆ ಮುಚ್ಚುತ್ತಿದ್ದ ಫುಆಟಿನೋ ಎದೆ ಹಿಡಿದು ಕುಸಿದಳು. ಮತಲೇನಾ ಓಡಿ ಬಂದಳು, ಪಿಕಪ್ ಗಾಡಿಯಲ್ಲಿ ಅವಳ ಪಕ್ಕದಲ್ಲೇ ಕೂತು ಎದೆ ಒತ್ತುತ್ತ ಹೋದಳು. ದೊಡ್ಡಾಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಣ್ಣಾದ ಮೇಲೆ ಇಯೆಲೆಮಿಯಾ ತಮ್ಮಂದಿರೊಂದಿಗೆ ಕ್ಲಿನಿಕ್ಕಿಗೆ ಬಂದ. ಮಾತ್ರೆಯ ಹಾಳೆಯನ್ನು ಮೇಜಿನ ಮೇಲಿಟ್ಟ.

"ನೀನು ಹೇಳಿದ ಹಾಗೇ ಒಬ್ಬನೇ ನುಂಗಿದೆ ಮಗಳೇ. ಅವಳು ನೋಡ್ತಾ ಕೂತಿರ್ತಿದ್ಲು. ಇನ್ನು ನನ್ನ ಕೈಲಾಗಲ್ಲ. ತಗೋ."

ತಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎಂಬುದು ಮತಲೇನಾಗೆ ಗೊತ್ತಿತ್ತು. ಆದರೂ ಎದ್ದು ಬೀರುವಿನ ಬೀಗ ತೆಗೆದಳು.

"ಚಿಕ್ಕಪ್ಪ, ಕೂತ್ಕೊಳ್ಳಿ. ನೀವೂ. ತೋಳು ಕೊಡಿ." ಒತ್ತಡ ನೋಡಿ ಇಬ್ಬರ ಕೈಗೂ ಒಂದೊಂದು ಮಾತ್ರೆಯ ಹಾಳೆ ಇಟ್ಟಳು. "ಇದು ಇವರ ಪಾಲು, ಇದು ನಿಮ್ಮ ಪಾಲು. ದೊಡ್ಡಪ್ಪ, ನಿಮ್ಮದನ್ನ ಎತ್ಕೊಳ್ಳಿ. ಮೂರೂ ಜನ ಒಟ್ಟಿಗೇ ಕೂತು ನುಂಗಿ. ಯಾರೂ ಯಾರಿಗೂ ಬೆನ್ನು ಮಾಡೋದು ಬೇಡ."

ಅವರು ಹೋದ ಮೇಲೆ ಫೋನೆತ್ತಿದಳು.

"ಸರ್, ಕೊಟ್ಟಿದೀನಿ. ಡಾಕ್ಟರು ನೋಡದೇನೇ."

"ಕೆಲಸ ಹೋಗುತ್ತೆ, ಗೊತ್ತಾ ನಿಂಗೆ?"

"ಗೊತ್ತು. ಪೋಸ್ಟರ್ ತಂದ ಗಾಡಿ ಓಡ್ತಾ ಇದೆಯಲ್ಲ, ಅದರಲ್ಲಿ ಮಾತ್ರೆ ಕಳಿಸಿ."

ಫೋನಿಟ್ಟಳು. ಹೊರಗೆ ಆಗಲೇ ಪಕ್ಕದ ಮನೆಯವರು ಅಂಗಿಯ ತೋಳು ಮಡಚಿಕೊಂಡು ಬಂದು ಕೂತಿದ್ದರು. ಮಾತ್ರೆ ಡಬ್ಬದ ತಳದಲ್ಲಿ ಉಳಿದದ್ದು ಮುಂದಿನ ತಿಂಗಳು ಇಯೆಲೆಮಿಯಾನ ಮನೆಗೇ ಸಾಲುವಂತಿರಲಿಲ್ಲ.